ದೆಹಲಿಯ ಮುನಿರ್ಕಾದ ಕೋಣೆಯಲ್ಲಿ ಯುಗಾದಿ

2025ರ ಯುಗಾದಿ ಮಾರ್ಚ್ 30ಕ್ಕೆ, ಭಾನುವಾರ ಬಂದಿತ್ತು. ದೆಹಲಿಯವರಿಗೆ ಅವತ್ತು ಯುಗಾದಿ ಅಲ್ಲ, ಚೈತ್ರ ನವರಾತ್ರಿ ಶುರು. ನಮ್ಮ ಬೀದಿಯಲ್ಲಿ ಮುಕ್ಕಾಲು ಜನ ಉಪವಾಸ. ಗೋಧಿ, ಬೇಳೆ, ಈರುಳ್ಳಿ ಯಾವುದೂ ಮುಟ್ಟುವುದಿಲ್ಲ, ಕುಟ್ಟು ಅನ್ನುವ ಉಪವಾಸದ ಹಿಟ್ಟಿನ ಪೂರಿ, ಸಾಬಕ್ಕಿ ಅಷ್ಟೇ. ನಮ್ಮೂರು ನಾಯಕನಹಟ್ಟಿಯಿಂದ ತಂಗಿ ಫೋನ್ ಮಾಡಿ, "ಅಕ್ಕಾ, ನಿನ್ನೊಬ್ಬಳಿಗೆ ಎಷ್ಟು ಬೇಳೆ ಹಾಕ್ತೀಯ?" ಅಂದಳು. ಎರಡು ಕೆಜಿ ಅಂದೆ. ಸುಮ್ಮನಾದಳು, ನನ್ನೊಬ್ಬಳಿಗಲ್ಲ ಅಂತ ಅವಳಿಗೆ ಗೊತ್ತಾಯಿತು.

ಬೆಳಿಗ್ಗೆ ಬೇವು ತರಲು ಹೋದೆ. ದೆಹಲಿಯಲ್ಲಿ ಬೇವಿನ ಮರಕ್ಕೆ ಬರವಿಲ್ಲ, ಆದರೆ ಮಾರ್ಚ್‌ನಲ್ಲಿ ಹಳೇ ಎಲೆ ಉದುರಿ ಕೆಂಪು ಚಿಗುರು ಬರುವ ಹೊತ್ತು, ಹೂವಿನ್ನೂ ಇಲ್ಲ. ಚಿಗುರನ್ನೇ ತಂದು ಬೆಲ್ಲ, ಪುಟಾಣಿ ಜೊತೆ ಕಲಸಿದೆ, ಒಂದಿಷ್ಟು ಎಲೆ ಸ್ನಾನದ ಬಿಸಿನೀರಿಗೂ ಹಾಕಿದೆ. ಎಣ್ಣೆ ಹಚ್ಚಿಕೊಂಡು ಬಚ್ಚಲಿನ ಚಿಲಕ ಒಳಗಿನಿಂದ ಹಾಕಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಿಂದೆ.

ಅರವತ್ತು ದಾಟಿದ ಮೇಲೆ ಮನೆ ಇಲ್ಲದೆ ಇದ್ದವಳು ನಾನು. ಅಡುಗೆಗಿದ್ದ ಮನೆಯವರು ದೆಹಲಿ ಬಿಟ್ಟು ಹೋದರು, ಕೆಲಸದ ಜೊತೆಗೆ ಮಲಗುವ ಜಾಗವೂ ಹೋಯಿತು. ಊರಲ್ಲಿ ಯಜಮಾನರು ತೀರಿಕೊಂಡ ಮೇಲೆ ಮನೆ ಸಾಲಕ್ಕೆ ಹೋಗಿತ್ತು. ತಂಗಿ ಮನೆಯಲ್ಲಿ ಅವರಿಗೇ ಜಾಗ ಸಾಲದು. ಸ್ವಲ್ಪ ದಿನ ಸ್ಟೇಷನ್ನಿನಲ್ಲಿ, ಆಮೇಲೆ ಹೆಂಗಸರ ರೈನ್ ಬಸೇರಾದಲ್ಲಿ, ಅಂದರೆ ಮನೆ ಇಲ್ಲದವರು ರಾತ್ರಿ ತಂಗುವ ಜಾಗದಲ್ಲಿ, ಮಲಗಿದೆ. ಬೀದಿಯಲ್ಲಿ ಊಟ ಹೇಗೋ ಸಿಗುತ್ತದೆ, ಆದರೆ ಹೆಂಗಸಿಗೆ ಸೀರೆ ಬದಲಿಸಲು ಒಂದು ಮರೆ ಸಿಗುವುದಿಲ್ಲ, ಕಣ್ಣು ಮುಚ್ಚಿ ಮಲಗಲು ಧೈರ್ಯ ಬರುವುದಿಲ್ಲ. ಬಸೇರಾದಲ್ಲಿ ಹೊದಿಕೆ ಕೊಟ್ಟರು, ಬಾಗಿಲು ಕಾಯುವವರಿದ್ದರು. ಅದಕ್ಕೆ ಎಷ್ಟು ಕೈ ಮುಗಿದರೂ ಕಡಿಮೆಯೇ.

ದೇವರ ಹೆಸರು ಹೇಳುವುದನ್ನು ಆಗ ಬಿಟ್ಟುಬಿಟ್ಟಿದ್ದೆ. ಬಂಗ್ಲಾ ಸಾಹಿಬ್ ಗುರುದ್ವಾರದ ಲಂಗರ್‌ಗೆ ಹೋಗುತ್ತಿದ್ದೆ, ಹಸಿವಿಗೆ, ಭಕ್ತಿಗಲ್ಲ. ಅಲ್ಲಿ ಯಾರನ್ನೂ ನೀನ್ಯಾರು ಅಂತ ಕೇಳುವುದಿಲ್ಲ. ಸಾಲಾಗಿ ನೆಲಕ್ಕೆ ಕೂತರೆ ರೊಟ್ಟಿ, ದಾಲ್ ಬರುತ್ತದೆ. ಒಂದು ದಿನ ಹಾಗೆ ಕೂತಿದ್ದಾಗ ನಮ್ಮೂರ ಗುರು ತಿಪ್ಪೇರುದ್ರಸ್ವಾಮಿಯ ಮಾತು ನೆನಪಾಯಿತು, "ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ." ಚಿಕ್ಕಂದಿನಿಂದ ಫಾಲ್ಗುಣದ ತೇರಿಗೆ ಹೋಗಿ, ಕೊಬ್ಬರಿ ಸುಟ್ಟು, ಕೇಳಿಕೊಂಡು ಬಂದ ಮಾತು. ಆದರೆ ಈ ಜನಕ್ಕೆ ನಾನೇನು ಮಾಡಿದ್ದೆ? ಏನೂ ಇಲ್ಲ, ಆದರೂ ಹೊಟ್ಟೆ ತುಂಬಿತ್ತು. ಹಾಗಾದರೆ ಇನ್ಯಾರೋ ಮಾಡಿದ್ದು ನನ್ನ ಪಾಲಿಗೆ ಬಂದಿದೆ, ಇನ್ನು ಮಾಡುವ ಸರದಿ ನನ್ನದು ಅನ್ನಿಸಿತು. ಊಟ ಮುಗಿಸಿ ಅಡುಗೆಮನೆಗೆ ಹೋಗಿ ರೊಟ್ಟಿ ಲಟ್ಟಿಸಲು ಕೂತೆ. ಮುಂದೆ ಅಲ್ಲಿ ಪರಿಚಯವಾದವರೇ ಒಂದು ಹಾಸ್ಟೆಲ್ಲಿನ ಅಡುಗೆ ಕೆಲಸ ಹೇಳಿದರು, ಅದರಿಂದ ಈ ಬಾಡಿಗೆ ಕೋಣೆ ಆಯಿತು.

ಯುಗಾದಿ ಸಂಜೆ ಹೋಳಿಗೆ ಡಬ್ಬ, ಕಟ್ಟಿನ ಸಾರು ಹೊತ್ತುಕೊಂಡು ಅದೇ ಬಸೇರಾಕ್ಕೆ ಹೋದೆ. ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಬಿಹಾರದ ದೀದಿ ಇನ್ನೂ ಅಲ್ಲೇ ಇದ್ದಳು. ಅವಳಿಗೆ ರಂಜಾನ್ ಉಪವಾಸ. ಆವತ್ತು 29ನೇ ರೋಜಾ, ಚಂದ್ರ ಕಂಡರೆ ಮಾರನೇ ದಿನ ಈದ್. ನಮಗೂ ಯುಗಾದಿ ಚಂದ್ರನನ್ನು ನೋಡಬೇಕು ಅಲ್ವಾ, ಇಬ್ಬರೂ ಬಾಗಿಲಾಚೆ ನಿಂತು ಪಡುವಣಕ್ಕೆ ಕತ್ತೆತ್ತಿದೆವು. ಅವಳಿಗೇ ಮೊದಲು ಕಂಡಿತು. ಅವಳು ಅಂಗೈ ಎತ್ತಿ ದುವಾ ಮಾಡಿದಳು, ನಾನು ಕೈ ಮುಗಿದೆ. ಹಿರಿಯಳು ಅಂತ ಅವಳ ಕಾಲು ಮುಟ್ಟಲು ಬಗ್ಗಿದರೆ ಹಿಡಿದು ತಬ್ಬಿಕೊಂಡಳು. ಅಷ್ಟರಲ್ಲಿ ತಂಗಿಯ ಫೋನ್, "ಹಟ್ಟಿಯಲ್ಲೂ ಕಾಣ್ತು ಅಕ್ಕಾ!"

ಹೋಳಿಗೆ ಒಂದೂ ಉಳಿಯಲಿಲ್ಲ. ಸಾರು ಮಾತ್ರ ಅವರ ಬಾಯಿಗೆ ಖಾರ ಜಾಸ್ತಿಯಾಯಿತು. ಈಗ ರಜೆ ಸಿಕ್ಕ ಭಾನುವಾರ ಏನಾದರೂ ಮಾಡಿಕೊಂಡು ಹೋಗುತ್ತೇನೆ, ಮೆಣಸಿನಕಾಯಿ ಅರ್ಧಕ್ಕೆ ಇಳಿಸಿದ್ದೇನೆ.