ಜಾಗಕ್ಕೆ ಕುಳಿತ ಪೆಟ್ಟಿಗೆ

ಎಂಟನೆಯ ತರಗತಿಯ ಮಕ್ಕಳು ಬರೆಯುವ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯೊಂದಿದೆ. 90 ಪ್ರಶ್ನೆಗಳಿಗೆ 90 ನಿಮಿಷ. ಅದಕ್ಕೆ ತಯಾರಿ ಎಂದರೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದು ಎಂಬ ರೂಢಿ ಸಿಂಧನೂರು ತಾಲ್ಲೂಕಿನ ನಮ್ಮ ಶಾಲೆಯಲ್ಲೂ ಇತ್ತು. ಬಿಡಿಸುತ್ತ ಹೋದಂತೆ ಮಕ್ಕಳ ವೇಗವೇನೋ ಹೆಚ್ಚುತ್ತದೆ, ಆದರೆ ಈ ಉತ್ತರವೇ ಏಕೆ ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಹೀಗಾಗಿ ವಾರಕ್ಕೊಂದು ಸಂಜೆಯ ತರಗತಿಯನ್ನು ಒಗಟಿನ ಆಟಕ್ಕೆ ಬಿಟ್ಟುಕೊಡಲು ಮುಖ್ಯೋಪಾಧ್ಯಾಯರು ಒಪ್ಪಿದಾಗ, ಯಾವ ಆಟ ಎನ್ನುವುದಕ್ಕಿಂತ ಅದರ ಯಾವ ಹಂತಗಳು, ಎಂದರೆ ಯಾವ ಬಿಡಿ ಒಗಟುಗಳು, ಎಂಬುದೇ ನನ್ನ ತಲೆ ತಿಂದಿತು.

ಆಟ ಸೊಕೊಬಾನ್ ಎಂಬ ಕಂಪ್ಯೂಟರ್ ಒಗಟು. ಜಪಾನಿನ ಹಿರೊಯುಕಿ ಇಮಾಬಯಾಶಿ 1981ರಲ್ಲಿ ರೂಪಿಸಿದ, ಮರುವರ್ಷ ಮಾರಾಟಕ್ಕೆ ಬಂದ ಈ ಆಟದಲ್ಲಿ ಗೋದಾಮಿನ ಆಳೊಬ್ಬ ಪೆಟ್ಟಿಗೆಗಳನ್ನು ಗುರುತು ಹಾಕಿದ ಮನೆಗಳಿಗೆ ಸೇರಿಸಬೇಕು. ಒಂದು ಸಲಕ್ಕೆ ಒಂದೇ ಪೆಟ್ಟಿಗೆಯನ್ನು ತಳ್ಳಬಹುದು, ಎಳೆಯುವಂತಿಲ್ಲ; ಗುರುತಿಲ್ಲದ ಮೂಲೆಗೆ ಹೋಗಿ ಕುಳಿತ ಪೆಟ್ಟಿಗೆ ಮತ್ತೆ ಅಲ್ಲಿಂದ ಏಳದು. ಭತ್ತದ ಸೀಮೆಯ, ಅಕ್ಕಿ ಗಿರಣಿಗಳ ನಡುವೆ ಬೆಳೆದ ಮಕ್ಕಳಿಗೆ ಗೋದಾಮು, ಹಮಾಲಿ ಎಂದರೆ ಏನೆಂದು ಹೇಳಿಕೊಡುವ ಅಗತ್ಯವಿರಲಿಲ್ಲ.

ನೋಡಲು ಇಷ್ಟು ಸರಳವಾದರೂ ಇದು ಗಣನೆಯ ದೃಷ್ಟಿಯಿಂದ ಅತ್ಯಂತ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರಿದ್ದೆಂದು ಗಣಕವಿಜ್ಞಾನಿ ಜೋಸೆಫ್ ಕಲ್ಬರ್ಸನ್ 1997ರಲ್ಲಿ ಸಾಧಿಸಿ ತೋರಿಸಿದ್ದಾರೆ. ಆ ಕಾಠಿಣ್ಯ ನನಗೆ ಬೇಕಿರಲಿಲ್ಲ. ಡೇವಿಡ್ ಸ್ಕಿನ್ನರ್ ಅವರ ಮೈಕ್ರೊಬ್ಯಾನ್ ಸಂಗ್ರಹದ 155 ಚಿಕ್ಕ ಹಂತಗಳನ್ನು ಮುಂದಿಟ್ಟುಕೊಂಡು ಕುಳಿತಾಗ, ನಡೆಗಳು ಹೆಚ್ಚಿದ್ದ ಮಾತ್ರಕ್ಕೆ ಹಂತವೊಂದು ಯೋಚನೆಗೆ ಹಚ್ಚುತ್ತದೆ ಎಂಬ ನಂಬಿಕೆ ಬೇಗನೆ ಸಡಿಲವಾಯಿತು. ಕೆಲವದರಲ್ಲಿ ದಾರಿ ಒಂದೇ, ಓಡಾಟ ಮಾತ್ರ ಉದ್ದ. ಅಲ್ಲಿ ಬೇಕಾದದ್ದು ತಾಳ್ಮೆ. ಇನ್ನು ಕೆಲವು ಕಣ್ಣು ಮುಚ್ಚಿ ತಳ್ಳಿದರೂ ಒಮ್ಮೆ ಬಗೆಹರಿದುಬಿಡುತ್ತವೆ, ಮತ್ತು ಹುಡುಗರಿಗೆ ಅಂಥವೇ ಇಷ್ಟ. ನಾನು ಉಳಿಸಿಕೊಂಡದ್ದು ತಪ್ಪು ನಡೆಯ ಫಲ ತಕ್ಷಣ ಕಾಣದೆ ಮೂರ್ನಾಲ್ಕು ನಡೆಗಳ ಬಳಿಕ ಎದುರಾಗುವಂಥ, ಆದರೆ ತಳ್ಳುವ ಮುನ್ನ ನಿಂತು ನೋಡಿದರೆ ಮಾತಿನಲ್ಲಿ ಕಾರಣ ಹೇಳಲು ಬರುವಂಥ ಹಂತಗಳನ್ನು.

ಆಡಿಸಿದ್ದು ಫೋನಿನಲ್ಲಲ್ಲ. ಅದರಲ್ಲಿ ನಡೆಯನ್ನು ಹಿಂದಕ್ಕೆ ಪಡೆಯುವ ಗುಂಡಿ ಇರುತ್ತದೆ, ಅದಿದ್ದ ಮೇಲೆ ಯೋಚಿಸುವ ದರ್ದು ಯಾರಿಗೂ ಇರುವುದಿಲ್ಲ. ನಮ್ಮ ಕೊಠಡಿಯ ನೆಲಕ್ಕೆ ಹಾಸಿರುವುದು ಶಹಾಬಾದಿನ ಚೌಕ ಪರಸಿ; ಒಂದೊಂದು ಪರಸಿಯೂ ಒಂದು ಮನೆ. ಸೀಮೆಸುಣ್ಣದಿಂದ ಗೋಡೆ ಎಳೆದು, ಕಿರಾಣಿ ಅಂಗಡಿಯಿಂದ ತಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನಿಟ್ಟು, ಒಬ್ಬರು ತಳ್ಳುವುದು, ತಳ್ಳುವ ಮುನ್ನ ಕಾರಣ ಹೇಳುವುದು, ಉಳಿದವರು ಒಪ್ಪಿದರಷ್ಟೇ ಪೆಟ್ಟಿಗೆ ಸರಿಯುವುದು ಎಂದು ಕಟ್ಟುಪಾಡು ಮಾಡಿದೆ. ಒಂದೊಂದು ನಡೆಗೂ ಗದ್ದಲ. ಪಕ್ಕದ ಕೊಠಡಿಯ ಶಿಕ್ಷಕರು ಬಂದು ಇಣುಕಿ ಹೋದರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಎರಡೇ ಪೆಟ್ಟಿಗೆಗಳ ಒಂದು ಹಂತ. ಒಳಕೋಣೆಯ ಬಾಗಿಲು ಒಂದೇ ಮನೆಯಷ್ಟು ಅಗಲ. ಆ ಬಾಗಿಲ ಮನೆಯಲ್ಲಿ ಗುರುತಿದೆ, ಗುರುತಿನ ಮೇಲೆ ಆರಂಭದಲ್ಲೇ ಒಂದು ಪೆಟ್ಟಿಗೆ ಕುಳಿತಿದೆ. ಎರಡನೆಯ ಪೆಟ್ಟಿಗೆ ಹೊರಗೆ, ಎರಡನೆಯ ಗುರುತು ಒಳಗೆ. ಎಲ್ಲರೂ ಹೊರಗಿನ ಪೆಟ್ಟಿಗೆಗೇ ಗಂಟುಬಿದ್ದರು. ಬಾಗಿಲಿನದನ್ನು ಮುಟ್ಟಿ ನೋಡಿ ಎಂದರೆ, "ಅದು ಜಾಗಕ್ಕ ಐತಲ್ರಿ ಸರ್, ಯಾಕ ಕದಲಸಬೇಕು?" ಎಂದು ಮುಂದಿನ ಸಾಲಿನ ಹುಡುಗ ನನ್ನನ್ನೇ ಕೇಳಿದ. ಬಹಳ ಹೊತ್ತಿನ ಮೇಲೆ ತಂದೆ ಗಿರಣಿಯಲ್ಲಿ ಹಮಾಲಿಯಾಗಿರುವ ಹುಡುಗಿಯೊಬ್ಬಳು ಎದ್ದು, "ಬಾಗಲ್ದಾಗ ಚೀಲ ಇಟ್ಟರ ಒಳಗ ನಿಟ್ಟು ಹಚ್ಚೋದು ಹೆಂಗ? ಬಾಗಲದ್ದು ಒಳಗ ಹೋಗ್ಲಿ, ಹೊರಗಿಂದು ಬಾಗಲಿಗೆ ಬರ್ಲಿ" ಎಂದಳು. ಕೆಲವರು ಇನ್ನೂ ಒಪ್ಪಲಿಲ್ಲ. ಸರಿಯಾದದ್ದನ್ನು ಕೆಡಿಸಿ ಮತ್ತೆ ಸರಿ ಮಾಡುವುದು ಅವರಿಗೆ ಮೋಸದಂತೆ ಕಂಡಿರಬೇಕು. ಒಂದು ಉತ್ತರಕ್ಕೆ ಒಂದು ಸರಿ ಗುರುತು ಹಾಕುತ್ತ ಬಂದ ನಮ್ಮ ಕಲಿಕೆಯ ಕ್ರಮಕ್ಕೂ ಇದರಲ್ಲಿ ಪಾಲಿದೆ ಎಂದೇ ನನ್ನ ಅನಿಸಿಕೆ.

ಈಗ ಮಕ್ಕಳೇ ಹಂತಗಳನ್ನು ಬರೆದು ತರುತ್ತಿದ್ದಾರೆ. ಮೊನ್ನೆ ಬಂದ ಒಂದರಲ್ಲಿ ಪೆಟ್ಟಿಗೆ ಗೋಡೆಗೆ ಅಂಟಿಕೊಂಡಿದೆ, ಆ ಗೋಡೆಯುದ್ದಕ್ಕೂ ಗುರುತೇ ಇಲ್ಲ. ಬರೆದವನು ಮಾತ್ರ ಬಿಡಿಸಬಹುದೆಂದು ಪಟ್ಟು ಹಿಡಿದಿದ್ದಾನೆ. ಆಗದೆಂದು ಅವನಿಗೆ ಒಪ್ಪಿಸುವ ಕೆಲಸವನ್ನು ತರಗತಿಗೇ ವಹಿಸಿದ್ದೇನೆ.