ಚಟ್ನಿಪುಡಿಯ ಹೆಸರಿಗೊಂದು ಅರ್ಜಿ

ಅತ್ತಿಗೆಯವರು ಮಾಡಿ ಮಾರುವ ಶೇಂಗಾ ಚಟ್ನಿಪುಡಿಯ ಹೆಸರಿಗೆ ಇಂದು ಆನ್‌ಲೈನ್‌ನಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಸಲ್ಲಿಸಿದೆವು. ಮಸಾಲೆ ಪದಾರ್ಥಗಳು ಸೇರುವ 30ನೆಯ ವರ್ಗಕ್ಕೆ, ಸಣ್ಣ ಉದ್ದಿಮೆಗಳಿಗಿರುವ ರಿಯಾಯಿತಿಯಂತೆ ₹4,500 ಶುಲ್ಕವಾಯಿತು. ಸರಕಿನ ಗುಣವನ್ನಷ್ಟೇ ಹೇಳುವ ‘ಖಾರ ಶೇಂಗಾ ಪುಡಿ’ಯಂತಹ ಹೆಸರನ್ನು 1999ರ ಕಾಯ್ದೆ ಸಾಮಾನ್ಯವಾಗಿ ಒಬ್ಬರ ಸ್ವತ್ತಾಗಲು ಬಿಡುವುದಿಲ್ಲವಾದ್ದರಿಂದ, ಅವರು ತಮ್ಮ ತವರಿನ ಹೊಲದ ಹೆಸರನ್ನೇ ಆರಿಸಿಕೊಂಡಿದ್ದು ನನಗೆ ಬಹಳ ಹಿಡಿಸಿತು.

ಈ ನೆಪದಲ್ಲಿ ‘ನಂದಿನಿ’ ಹೆಸರಿನ ವ್ಯಾಜ್ಯ ನೆನಪಾಯಿತು. ಹಾಲು ಮಹಾಮಂಡಳವು 1985ರಿಂದಲೂ ‘ನಂದಿನಿ ಡಿಲಕ್ಸ್’ ಹೋಟೆಲು 1989ರಿಂದಲೂ ಬಳಸುತ್ತಿದ್ದ ಆ ಹೆಸರಿನ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಇಬ್ಬರ ಸರಕೂ ಗುರುತಿನ ವಿನ್ಯಾಸವೂ ಬೇರೆ ಬೇರೆ ಎಂಬ ಕಾರಣಕ್ಕೆ, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಹೊರತುಪಡಿಸಿ 2018ರಲ್ಲಿ ಹೋಟೆಲಿನ ಪರವಾಗಿ ಇತ್ಯರ್ಥವಾಯಿತು. ಇಂತಹ ತಕರಾರುಗಳಲ್ಲಿ ಯಾರು ಎಂದಿನಿಂದ ಬಳಸುತ್ತಿದ್ದಾರೆ ಎಂಬುದಕ್ಕೆ ತೂಕವಿದೆ. ಹಾಗಾಗಿ ಎಣ್ಣೆಯ ಕಲೆ ಹತ್ತಿದ ಹಳೆಯ ಬಿಲ್ ಪುಸ್ತಕಗಳನ್ನೂ ಮೊದಲ ಲೇಬಲ್ಲನ್ನೂ ಜೋಪಾನವಾಗಿ ತೆಗೆದಿಡಲು ಅತ್ತಿಗೆಯವರಿಗೆ ಹೇಳಿದ್ದೇನೆ. ಪರಿಶೀಲನೆ ದಾಟಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೂ ನಾಲ್ಕು ತಿಂಗಳು ಆಕ್ಷೇಪಣೆಗೆ ಅವಕಾಶವಿರುತ್ತದೆ. ನೋಂದಣಿಯಾದರೆ ಅದು ಹತ್ತು ವರ್ಷ ಊರ್ಜಿತದಲ್ಲಿದ್ದು, ಮುಂದೆ ನವೀಕರಿಸಿಕೊಳ್ಳಬಹುದು.