ಅಕ್ಷರ ಸುಟ್ಟುಹೋದ ಆರು ಕಾಲಿನ ಐಸಿ

14 ಜೂನ್ 2025, ಶನಿವಾರ

12 ವೋಲ್ಟ್ ಅಡಾಪ್ಟರಿನ ವೈಫೈ ರೌಟರ್. ಒಂದು ಎಲ್‌ಇಡಿಯೂ ಹತ್ತುವುದಿಲ್ಲ. ಜ್ಯಾಕಿನ ಹಿಂದೆಯೇ ಆರು ಕಾಲಿನ ಐಸಿ ಒಡೆದಿದೆ. ಬೆನ್ನಿನಲ್ಲಿ ಕುಳಿ ಬಿದ್ದು ಅಕ್ಷರವೂ ಇಲ್ಲ, ಒಂದನೇ ಕಾಲಿನ ಚುಕ್ಕೆಯೂ ಇಲ್ಲ.

ಅಕ್ಷರ ಮಸುಕಾಗಿದ್ದರೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಒರೆಸಿ, ಟಾರ್ಚನ್ನು ಅಡ್ಡಡ್ಡ ಹಿಡಿದು ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದರೆ ಬಹಳಷ್ಟು ಸಲ ಓದಬಹುದು. ಆದರೆ ಈ ಅಳತೆಯ ಐಸಿಗಳ ಮೇಲೆ ಪೂರ್ತಿ ನಂಬರ್ ಬರೆಯಲು ಜಾಗವಿರುವುದಿಲ್ಲ, ಬರೀ ಕೋಡ್ ಇರುತ್ತದೆ. ಎಲ್‌ಟಿಎಚ್7 ಅಂದರೆ ಮೂಲದಲ್ಲಿ ಎಲ್‌ಟಿಸಿ4054 ಎಂಬ ಬ್ಯಾಟರಿ ಚಾರ್ಜರ್ ಐಸಿ; ಅದೇ ಕೋಡ್ ಹೊತ್ತ ನಕಲುಗಳೂ ಬೇಕಾದಷ್ಟಿವೆ. ಹಾಗಾಗಿ ಅಕ್ಷರ ಸಿಕ್ಕಿದ್ದರೂ ಸುತ್ತಲಿನ ಸರ್ಕ್ಯೂಟ್ ಓದದೆ ಗತಿಯಿರಲಿಲ್ಲ.

ಮೈ ಸುಮಾರು 2.9 × 1.6 ಮಿಮೀ, ಕಾಲುಗಳ ನಡುವೆ 0.95 ಮಿಮೀ: ಎಸ್‌ಒಟಿ-23-6 ಎಂಬ ಅಳತೆಯ ಪ್ಯಾಕೇಜ್. ಪಕ್ಕದಲ್ಲಿ 4ಆರ್7 ಎಂದು ಬರೆದ ಕಾಯಿಲ್. ಅದರ ಒಂದು ತುದಿ ಐಸಿಗೆ, ಇನ್ನೊಂದು ದೊಡ್ಡ ಕೆಪಾಸಿಟರಿಗೆ ಮತ್ತು ಫ್ಲ್ಯಾಶ್ ಐಸಿಯ (ಸಾಫ್ಟ್‌ವೇರ್ ಇರುವ ಮೆಮೊರಿ) 8ನೇ ಕಾಲಿಗೆ, ಅಂದರೆ ಅದರ ಸಪ್ಲೈ ಕಾಲಿಗೆ, ಮಲ್ಟಿಮೀಟರಿನಲ್ಲಿ ಬೀಪ್ ಕೊಡುತ್ತದೆ. ಆ ಫ್ಲ್ಯಾಶ್ 25ಕ್ಯೂ64, 2.7ರಿಂದ 3.6 ವೋಲ್ಟಿನೊಳಗೆ ಓಡುವಂಥದ್ದು. ಅಂದರೆ ಇದು 12ನ್ನು 3.3ಕ್ಕೆ ಇಳಿಸುವ ಬಕ್ ಕನ್ವರ್ಟರ್. ಕಾಯಿಲಿನ ತುದಿ 12 ವೋಲ್ಟ್ ಕಡೆ ಇದ್ದಿದ್ದರೆ ಏರಿಸುವ ಜಾತಿ, ಎಂಟಿ3608ರಂಥದ್ದು. ಅದಕ್ಕೂ ಆರೇ ಕಾಲು.

ಈ ಅಳತೆಯ ಬಕ್ ಐಸಿಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಜೋಡಣೆ. ಒಂದರಲ್ಲಿ 1ರಿಂದ 6ರವರೆಗೆ ಗ್ರೌಂಡ್, ಸ್ವಿಚ್, ಇನ್‌ಪುಟ್, ಫೀಡ್‌ಬ್ಯಾಕ್, ಎನೇಬಲ್, ಬೂಟ್. ಟಿಪಿಎಸ್563200 ಈ ಗುಂಪು. ಇನ್ನೊಂದರಲ್ಲಿ ಬೂಟ್, ಗ್ರೌಂಡ್, ಫೀಡ್‌ಬ್ಯಾಕ್, ಎನೇಬಲ್, ಇನ್‌ಪುಟ್, ಸ್ವಿಚ್. ಎಂಪಿ2359, ಎಸ್‌ವೈ8113ಬಿ ಇಲ್ಲಿ ಬರುತ್ತವೆ. (ಸ್ವಿಚ್ ಕಾಯಿಲಿಗೆ ಹೋಗುವ ಕಾಲು, ಫೀಡ್‌ಬ್ಯಾಕ್ ಔಟ್‌ಪುಟ್ ಎಷ್ಟಿದೆ ಎಂದು ನೋಡುವ ಕಾಲು, ಎನೇಬಲ್ ಐಸಿಯನ್ನು ಆನ್ ಮಾಡುವ ಕಾಲು; ಬೂಟ್ ಕಾಲಿನಿಂದ ಸ್ವಿಚ್‌ಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ.) ಬೇರ್ಪಡಿಸಲು ಚುಕ್ಕೆಯೇ ಬೇಕಿಲ್ಲ. ಗ್ರೌಂಡ್ ಮೂಲೆಯಲ್ಲಿದ್ದರೆ ಮೊದಲ ಗುಂಪು. ಮಧ್ಯದ ಕಾಲು ಗ್ರೌಂಡ್ ಆಗಿ, ಅದರ ಎದುರಿನದು ಇನ್‌ಪುಟ್ ಆದರೆ ಎರಡನೆಯದು. ಈ ಬೋರ್ಡಿನಲ್ಲಿ ಗ್ರೌಂಡ್ ಮಧ್ಯದಲ್ಲಿದೆ. ಬೂಟ್ ಕೆಪಾಸಿಟರ್ ಒಂದು ತುದಿಯ ಎದುರುಬದುರು ಕಾಲುಗಳ ನಡುವೆ ಕೂತಿದೆ, ಅದರಲ್ಲಿ ಕಾಯಿಲ್ ಇರುವ ಕಾಲು 6, ಎದುರಿನದು 1.

ಉಳಿದದ್ದು ಎಂಪಿ2359ಯೋ ಎಸ್‌ವೈ8113ಬಿಯೋ ಎಂಬ ಪ್ರಶ್ನೆ. ಕಾಲು ಆರೂ ಒಂದೇ, ಫೀಡ್‌ಬ್ಯಾಕನ್ನು ಹೋಲಿಸಿ ನೋಡುವ ಒಳಗಿನ ರೆಫರೆನ್ಸ್ ವೋಲ್ಟೇಜ್ ಬೇರೆ: ಮೊದಲನೆಯದಕ್ಕೆ 0.81 ವೋಲ್ಟ್, ಎರಡನೆಯದಕ್ಕೆ 0.6. ಫೀಡ್‌ಬ್ಯಾಕ್ ಕಾಲಿನ ಎರಡು ರೆಸಿಸ್ಟರ್ ಇದನ್ನು ಹೇಳಿಬಿಡುತ್ತವೆ. ಮೇಲಿನದರ (3.3ರ ಕಡೆಯದರ) ಮೇಲೆ 01ಡಿ, ಅಂದರೆ 100 ಕಿಲೋ ಓಮ್. ಕೆಳಗಿನದರ (ಗ್ರೌಂಡ್ ಕಡೆಯದರ) ಮೇಲೆ 34ಸಿ, 22.1 ಕಿಲೋ ಓಮ್. 3.3 × 22.1 ÷ 122.1 = 0.597. ಅಲ್ಲಿಗೆ 0.6ರ ಐಸಿ. ಕೋಡ್ ಇಲ್ಲದ ರೆಸಿಸ್ಟರ್ ಆದರೆ ಒಂದು ತುದಿ ಎತ್ತಿಯೇ ಅಳೆಯಬೇಕು. 3.3ರ ಲೈನ್ ಗ್ರೌಂಡಿಗೆ ಕಡಿಮೆ ಓಮ್ ತೋರಿಸುವುದರಿಂದ ಎರಡೂ ರೆಸಿಸ್ಟರ್ ಸಮಾನಾಂತರಕ್ಕೆ ಬಂದು, ಎಲ್ಲಿ ಪ್ರೋಬ್ ಇಟ್ಟರೂ 18 ಕಿಲೋ ಓಮ್ ಆಸುಪಾಸೇ ಬರುತ್ತದೆ. ಆ ಅಂಕಿಯಿಟ್ಟು ಲೆಕ್ಕ ಹಾಕಿದರೆ ಸಿಗುವ ಉತ್ತರ ಯಾವ ಡೇಟಾಶೀಟಿಗೂ ಹೊಂದುವುದಿಲ್ಲ.

ಇನ್ನೊಂದು ಸಾಕ್ಷಿ: ಸ್ವಿಚ್ ಕಾಲಿನಿಂದ ಗ್ರೌಂಡಿಗೆ ಶಾಟ್ಕಿ ಡಯೋಡ್ ಇಲ್ಲ. ಎಂಪಿ2359ಕ್ಕೆ ಹೊರಗಿನ ಡಯೋಡ್ ಬೇಕೇ ಬೇಕು; ಎಸ್‌ವೈ8113ಬಿ ಒಳಗೇ ಎರಡೂ ಮಾಸ್‌ಫೆಟ್ (ಸ್ವಿಚ್ಚಾಗಿ ಓಡುವ ಟ್ರಾನ್ಸಿಸ್ಟರ್) ಇಟ್ಟುಕೊಂಡಿದೆ, ಡಯೋಡಿನ ಕೆಲಸವನ್ನು ಅದರಲ್ಲೊಂದು ಮಾಡುತ್ತದೆ. ಹೀಗೆ ಎರಡು ಕಡೆಯಿಂದ ಒಂದೇ ಉತ್ತರ ಬಂದರೆ ಮಾತ್ರ ನಾನು ನಂಬುವುದು. ಎಸ್‌ವೈ8113ಬಿ 4.5ರಿಂದ 18 ವೋಲ್ಟ್, 3 ಆಂಪ್; ಇಲ್ಲಿಗೆ ಧಾರಾಳ. (ಆರ್‌ಒ ಫಿಲ್ಟರಿನ 24 ವೋಲ್ಟ್ ಅಡಾಪ್ಟರಿನ ಪಿನ್ ಹೊಂದುತ್ತದೆಂದು ರೌಟರಿಗೆ ಚುಚ್ಚುವವರಿದ್ದಾರೆ. ಅವರ ಕೈಯಲ್ಲಿ ಈ ಐಸಿ ಉಳಿಯುವುದಿಲ್ಲ.)

ಐಸಿ ತರಿಸುವ ಮೊದಲು ಪ್ರೊಸೆಸರ್ ಬದುಕಿದೆಯೇ ನೋಡಬೇಕು. ಒಡೆದ ಐಸಿಯ ಒಳಗೆ ಇನ್‌ಪುಟ್‌ನಿಂದ ಸ್ವಿಚ್‌ಗೆ ಶಾರ್ಟ್ ಆಗಿದ್ದರೆ 12 ವೋಲ್ಟ್ ನೇರ 3.3ರ ಲೈನಿಗೆ ಹೋಗಿರುತ್ತದೆ, ಆಮೇಲೆ ಏನು ಹಾಕಿದರೂ ದಂಡ. ಸತ್ತ ಐಸಿಯನ್ನು ಹಾಟ್ ಏರ್‌ನಲ್ಲಿ ತೆಗೆದ ಮೇಲೆಯೇ 3.3ರ ಲೈನಿನ ದೊಡ್ಡ ಕೆಪಾಸಿಟರಿನ ಮೇಲೆ ಬೆಂಚ್ ಸಪ್ಲೈಯಿಂದ 3.3 ವೋಲ್ಟ್, 1 ಆಂಪ್ ಮಿತಿಯಿಟ್ಟು ಕೊಡಬೇಕು. ತೆಗೆಯದಿದ್ದರೆ ಕರೆಂಟ್ ಅದರ ಮೂಲಕ ಹಿಂದಕ್ಕೆ ಹರಿಯುತ್ತದೆ. ಈ ಬೋರ್ಡ್ ಎಲ್‌ಇಡಿ ಹತ್ತಿಸಿ ಚಾಲೂ ಆಯಿತು. ಸಪ್ಲೈ ನೇರ ಮಿತಿಗೆ ಕಚ್ಚಿಕೊಂಡಿದ್ದರೆ ಪ್ರೊಸೆಸರ್ ಹೋಗಿದೆ ಎಂದೇ ಅನುಮಾನಿಸಬೇಕು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಲ್ಲಿ ಫೋಟೋ ತೋರಿಸಿ ಕೇಳಿದರೆ ಆರು ಕಾಲಿನದು ಯಾವುದಾದರೊಂದು ಕೈಗೆ ಬರುತ್ತದೆ. ತಪ್ಪಿ 0.81ರದು ಬಂದರೆ ಇದೇ ರೆಸಿಸ್ಟರುಗಳಲ್ಲಿ ಅದು ಗುರಿಯಿಡುವುದು 4.48 ವೋಲ್ಟಿಗೆ, ಪ್ರೊಸೆಸರ್ ಅಲ್ಲಿಗೆ ಮುಗಿಯಿತು. ಅದಕ್ಕೆ ಹೊಸ ಐಸಿ ಕೂರಿಸಿದ ಕೂಡಲೇ ಮೇಲಿನ 100 ಕಿಲೋ ರೆಸಿಸ್ಟರಿನ ಬೆನ್ನಿಗೆ ಇನ್ನೊಂದು 100 ಕಿಲೋ ಬೆಸೆದು, ಆಮೇಲೆ 12 ವೋಲ್ಟ್ ಕೊಡುವುದು. ಮೇಲಿನದು 50 ಕಿಲೋ ಆಗಿ ಔಟ್‌ಪುಟ್ ಇಳಿಯುತ್ತದೆ: 0.6ರ ಐಸಿಯಾದರೆ 1.96 ವೋಲ್ಟ್, 0.81ರದಾದರೆ 2.64. ಎರಡೂ 3.3ಕ್ಕಿಂತ ಕೆಳಗೇ. ಇಲ್ಲಿ 1.95 ಬಂತು. ಸಪ್ಲೈ ತೆಗೆದು, ಹೆಚ್ಚುವರಿ ರೆಸಿಸ್ಟರ್ ಕಿತ್ತು, ಫ್ಲಕ್ಸ್ ಒರೆಸಿ ಮತ್ತೆ ಕೊಟ್ಟಾಗ 3.31.